ಗ್ಯಾಲರಿಯ ಕೋಟುಗಳು

ಗಂಡನ ಕೋಟಿನ ಕಾಲರ್ ಸರಿಮಾಡಲು ಪೆಟ್ಟಿಗೆಯೊಳಗೆ ಕೈ ಹಾಕಿದವಳ ಬೆರಳು ನಡುವಿನ ಗುಂಡಿಯ ಹತ್ತಿರ ಬಂದು ನಿಂತೇಬಿಟ್ಟಿತು.

ಅಲ್ಲಿ ಕಂದು ದಾರ ಇರಬೇಕಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಗಂಡ ಬಾಗಿಲಲ್ಲಿ ನಿಂತು ಕುಣಿಯುತ್ತಿದ್ದ ಒಂದು ದಿನ, ಕಿತ್ತುಬಂದಿದ್ದ ಆ ಗುಂಡಿಯನ್ನು ಕೈಗೆ ಸಿಕ್ಕಿದ ದಾರದಲ್ಲಿ ಹೊಲಿದು ಕೊಟ್ಟವಳು ಅವಳೇ. ಕಪ್ಪು ಕೋಟಿಗೆ ಕಂದು ದಾರ. ಊರಿನವರ ಬಟ್ಟೆಯನ್ನೆಲ್ಲ ಕನ್ನಡಿಯ ಹಾಗೆ ಮಾಡಿಕೊಡುವ ಡ್ರೈಕ್ಲೀನಿಂಗ್ ಅಂಗಡಿಯ ಮನುಷ್ಯ, ತನ್ನ ಕೋಟಿನ ಆ ಗುಂಡಿಯನ್ನು ಮಾತ್ರ ಆಮೇಲೂ ಹಾಗೇ ಬಿಟ್ಟುಕೊಂಡಿದ್ದ. ಯಾರಾದರೂ ಬೆರಳು ಮಾಡಿ ತೋರಿಸಿದರೆ, ಅದು ನಮ್ಮನೆ ಮೊಹರು ಎಂದು ನಗುತ್ತಿದ್ದ.

ಈ ಕೋಟಿನಲ್ಲಿ ಗುಂಡಿಗಳೆಲ್ಲ ಕಪ್ಪು ದಾರದಲ್ಲೇ ಇದ್ದವು.

ಅವಳು ಬಾಗಿ, ಕಾಲರಿನ ಹಿಂಬದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. ಪಿನ್ನು ಚುಚ್ಚಿದ ಬಿಳಿ ಬಟ್ಟೆಯ ಚೀಟಿ. ಗಿರಾಕಿಗಳ ಬಟ್ಟೆ ಅದಲುಬದಲಾಗದಿರಲಿ ಎಂದು ಅಂಗಡಿಯಲ್ಲಿ ಚುಚ್ಚುವ ಚೀಟಿ. ಗಂಡ ಯಾರದೋ ಕೋಟು ತೊಟ್ಟು ಮಲಗಿದ್ದ.

"ಏನತ್ತಿಗೆ?" ಎಂದಳು ಪಕ್ಕದಲ್ಲಿದ್ದ ನಾದಿನಿ. ಗಂಡನ ತಂಗಿ. ಸೂಜಿ ಬಿದ್ದ ಸದ್ದನ್ನೂ ಬಿಡದ ಕಿವಿ, ಬಿದ್ದ ಸೂಜಿಗಿಂತ ಮೊನಚಾದ ಬಾಯಿ.

"ಏನಿಲ್ಲ. ಕಾಲರ್ ಮಡಚಿತ್ತು."

ನಾದಿನಿ ನಂಬಲಿಲ್ಲ. ಆದರೆ ಅವಳ ಕಣ್ಣು ಆಗಲೇ ಹಿಂದಿನ ಕುರ್ಚಿಗಳ ಕಡೆ ಹೋಗಿತ್ತು. ಸ್ಮಶಾನಕ್ಕೆ ಸೇರಿದ ಈ ಸಭಾಂಗಣದ ಮೇಲ್ವಿಚಾರಕ ಬೆಳಿಗ್ಗೆ ಯಾವ ಧೈರ್ಯದ ಮೇಲೋ ಗೋಡೆಯಿಂದ ಗೋಡೆಗೆ ಕುರ್ಚಿ ಹಾಕಿಸಿದ್ದ. ಮುಂದಿನ ಸಾಲಿನಲ್ಲಿ ಅಂಗಡಿಯ ಎದುರಿನ ದರ್ಜಿ, ಅವನ ಹೆಂಡತಿ, ಬಾಯಿ ತೆರೆದು ನಿದ್ದೆಗೆ ಜಾರಿದ್ದ ದೂರದ ಚಿಕ್ಕಪ್ಪ. ಅವರ ಹಿಂದೆ ಬರೀ ಕುರ್ಚಿ, ಕುರ್ಚಿಯ ಮೇಲೆ ಗಾಳಿ.

"ಊರಿಗೆ ಬೇಕಾದವನು, ಊರಿಗೆ ಬೇಕಾದವನು ಅಂತಿದ್ರಲ್ಲ," ನಾದಿನಿ ಗೊಣಗಿದಳು. "ಊರು ಎಲ್ಲಿ?"

"ಪಂದ್ಯ ಇದೆಯಲ್ಲಮ್ಮ."

"ಪಂದ್ಯಕ್ಕಾದ್ರೂ ಹೋಗಿದೆಯಾ? ಕಿವಿಗೊಟ್ಟು ಕೇಳಿ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಎಲ್ರೂ ಆವಿಯಾಗಿ ಹೋದ್ರಾ?"

ಅದೂ ನಿಜವೇ. ಸ್ಮಶಾನದ ಗೋಡೆಯ ಆಚೆಗೇ ರಗ್ಬಿ ಮೈದಾನ. ಮೈಕಿನವನು ಆಟಗಾರರ ಹೆಸರು ಕೂಗುತ್ತಿದ್ದ. ಪ್ರತಿ ಹೆಸರಿನ ಹಿಂದೆ ಚಪ್ಪಾಳೆ ಬರಬೇಕಾದ ಜಾಗದಲ್ಲಿ ಅವನದೇ ದನಿ ಎದುರಿನ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ವರ್ಷದ ಕೊನೆಯ ತವರಿನ ಪಂದ್ಯ. ತವರೆಂದರೆ ಹೋದವರಿಗೆ ಒಂದು ಲೋಟ ನೀರು ಕೊಡುವವರಾದರೂ ಬಾಗಿಲಲ್ಲಿ ಇರಬೇಕು, ಇದೆಂಥ ತವರು ನಿಮ್ಮದು ಎಂದು ಅವಳು ಗಂಡನನ್ನು ಚುಡಾಯಿಸುತ್ತಿದ್ದಳು.

ಸಭಾಂಗಣ ಸಿಕ್ಕಿದ್ದು ಇವತ್ತು, ಇದೇ ಹೊತ್ತಿಗೆ. ಕ್ಲಬ್ಬಿನ ಕೋಚ್ ನಿನ್ನೆ ಮನೆಗೆ ಬಂದು, ಪಂದ್ಯ ಮುಂದಕ್ಕೆ ಹಾಕಿಸೋಣ ಅಕ್ಕ, ಎದುರು ತಂಡದವರ ಕಾಲು ಹಿಡಿದಾದರೂ ಒಪ್ಪಿಸುತ್ತೇನೆ ಎಂದಿದ್ದ. ಅವಳೇ ಬೇಡವೆಂದಳು. ತನ್ನ ದೆಸೆಯಿಂದ ಪಂದ್ಯ ನಿಂತಿತೆಂದು ಗೊತ್ತಾದರೆ ಆ ಮನುಷ್ಯ ಪೆಟ್ಟಿಗೆಯಿಂದ ಎದ್ದು ಬಂದು ಕ್ಷಮೆ ಕೇಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಜನ ಕಡಿಮೆಯಾದಾರು ಎಂಬುದಕ್ಕೆ ನಿನ್ನೆಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಆದರೆ ಈ ಕೋಟಿಗೆ ಮನಸ್ಸು ಗಟ್ಟಿ ಮಾಡಿಕೊಂಡಿರಲಿಲ್ಲ. ಗಿರಾಕಿಯ ಬಟ್ಟೆಯನ್ನು ಮಾರಬಾರದು, ಕೊಡಬಾರದು, ತೊಡಬಾರದು. ಬದುಕಿನುದ್ದಕ್ಕೂ ಅವನು ಹಿಡಿದುಕೊಂಡು ಬಂದ ನೇಮ ಅದೊಂದೇ. ಮಿಕ್ಕಿದ್ದನ್ನೆಲ್ಲ ಅವನು ಹಾಗೂ ಆಗಬಹುದು ಹೀಗೂ ಆಗಬಹುದು ಎನ್ನುವವನೇ. ಆ ಒಂದು ನೇಮವನ್ನು ಅವನು ಹೊರಡುವ ದಿನ ಅವಳೇ ಕೈಯಾರೆ ಮುರಿಸಿದ್ದಳು. ಇನ್ನೇನು ಮೇಲ್ವಿಚಾರಕ ಬಂದು ಮುಚ್ಚಳ ಹಾಕುತ್ತಾನೆ. ಆಮೇಲೆ ಅದನ್ನು ಸರಿಮಾಡಲು ಬ್ರಹ್ಮನಿಂದಲೂ ಆಗದು.

*

ಕೋಟುಗಳ ಕತೆ ಶುರುವಾದದ್ದು ಒಂದು ಚಳಿಗಾಲದಲ್ಲಿ.

ಡ್ರೈಕ್ಲೀನಿಂಗ್ ಅಂಗಡಿ ನಡೆಸುವ ಯಾರನ್ನು ಬೇಕಾದರೂ ಕೇಳಿ, ಬಟ್ಟೆ ಕೊಟ್ಟವರೆಲ್ಲ ವಾಪಸು ಬರುವುದಿಲ್ಲ. ಮದುವೆ ಮುರಿದ ಹುಡುಗನ ಕೋಟು ಉಳಿಯುತ್ತದೆ. ಎರಡು ತಿಂಗಳಲ್ಲಿ ಹೊಟ್ಟೆ ಬಂದು, ಇನ್ನು ಇದು ಹಿಡಿಸುವುದಿಲ್ಲ ಎಂದು ಗೊತ್ತಾದವನದು ಉಳಿಯುತ್ತದೆ. ಗಂಡ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಚೊಕ್ಕ ಮಾಡಿಸಿಡೋಣ ಎಂದು ತಂದುಕೊಟ್ಟು, ಆಮೇಲೆ ಆ ಬೀದಿಗೇ ಕಾಲಿಡದ ಹೆಂಗಸೊಬ್ಬಳದೂ ಇತ್ತು. ಬೇರೆ ಅಂಗಡಿಯವರು ವರ್ಷ ಕಾದು ಸಂತೆಗೆ ಹಾಕುತ್ತಾರೆ. ಇವನು ಹಾಕುತ್ತಿರಲಿಲ್ಲ. "ಬಟ್ಟೆ ಬಿಟ್ಟೋರು ಮರೆತಿರಲ್ಲ ಕಣೆ. ಬರೋಕೆ ಆಗದೆ ಇರ್ತಾರೆ. ಬಂದ ದಿನ ಇಲ್ಲ ಅಂತ ಹೇಗೆ ಹೇಳೋದು?" ಎನ್ನುತ್ತಿದ್ದ. ಹಿಂದಿನ ಕೋಣೆಯ ಉದ್ದನೆಯ ಕಂಬಿಯ ಮೇಲೆ ಅವೆಲ್ಲ ನೇತಾಡುತ್ತಿದ್ದವು. ಆಗಾಗ ದೂಳು ಕೊಡವಿ, ಇಸ್ತ್ರಿ ಮಾಡಿ, ಮತ್ತೆ ನೇತು ಹಾಕುತ್ತಿದ್ದ. ಯಾರಾದರೂ ಬಂದೇ ಬಿಟ್ಟರೆ ಅವನಿಗೆ ಹಬ್ಬ. ಕೋಟನ್ನು ಅವರ ತೋಳಿನ ಮೇಲೆ ಹಾಕಿ, ಕಾಲರಿನ ಚೀಟಿ ಬಿಚ್ಚಿ ಅಂಗೈಯಲ್ಲಿಟ್ಟು, "ತಲುಪಿತಾ?" ಎಂದು ಕೇಳುತ್ತಿದ್ದ. "ತಲುಪಿತು" ಎಂದು ಅವರ ಬಾಯಿಂದ ಬರುವ ತನಕ ಬಿಡುತ್ತಿರಲಿಲ್ಲ. ಅವಸರದವರಿಗೆ ಇದು ಹುಚ್ಚಾಟದ ಹಾಗೆ ಕಾಣುತ್ತಿತ್ತು.

ಆ ಚಳಿಗಾಲ ಕ್ಲಬ್ಬಿನ ಜೆರ್ಸಿಗಳ ಮೂಟೆ ಹೊತ್ತು ಬಂದ ಆಟಗಾರನೊಬ್ಬ ಮೂಟೆ ಇಳಿಸಿ ಅದರ ಮೇಲೇ ಕೂತ. ಹಿಂದಿನ ದಿನ ತವರಿನಲ್ಲೇ ಸೋತಿದ್ದರು. ಸೋತದ್ದಕ್ಕಲ್ಲ ಬೇಜಾರು ಎಂದ. "ಓಡ್ತಾ ಹೊರಗೆ ಬರ್ತೀವಿ, ತಲೆ ಎತ್ತಿದ್ರೆ ಗ್ಯಾಲರಿ ಪೂರಾ ಖಾಲಿ. ಕಾಲೇ ಏಳಲ್ಲ ಅಣ್ಣ. ಯಾರೂ ಇಲ್ಲದ ಮನೇಲಿ ನಾನೇ ಬಾಗಿಲು ತಟ್ಟಿ ನಾನೇ ಯಾರು ಅಂತ ಕೇಳಿದ ಹಾಗೆ."

 ಮುಂದಿನ ಶನಿವಾರ ಗಂಡ ಕ್ಲಬ್ಬಿನ ವ್ಯಾನು ತರಿಸಿ ಕಂಬಿಯ ಕೋಟುಗಳನ್ನೆಲ್ಲ ಅದರೊಳಗೆ ಮಲಗಿಸಿದ. ಅವಳು ಸೊಂಟಕ್ಕೆ ಕೈ ಕೊಟ್ಟು ನೋಡುತ್ತ ನಿಂತಿದ್ದಳು. ಇವಕ್ಕೂ ಒಂದಿಷ್ಟು ಗಾಳಿ ಆಡಿದ ಹಾಗಾಗುತ್ತದೆ ಎಂದು ಹೇಳಿ ಹೊರಟುಹೋದ.

ಕೂರಿಸುವುದಕ್ಕೂ ಅವನಲ್ಲಿ ಒಂದು ಕ್ರಮ ಇತ್ತಂತೆ. ಸಾಲಾಗಿ ಕೂರಿಸಿದರೆ ಅಂಗಡಿಯ ಹಾಗೆ ಕಾಣುತ್ತದೆ. ಜನ ಹಾಗೆ ಕೂರುವುದಿಲ್ಲ. ಎರಡು ಪಕ್ಕಪಕ್ಕ, ಒಂದು ಸ್ವಲ್ಪ ದೂರ, ಸಿಟ್ಟು ಮಾಡಿಕೊಂಡ ಹಾಗೆ ಇನ್ನೊಂದು ಮೂಲೆಯಲ್ಲಿ. ದೊಡ್ಡ ಮೈಯ ಕೋಟಿಗೆ ಓಡಾಡುವ ದಾರಿಯ ಪಕ್ಕದ ಜಾಗ, ಪಾಪ, ಕಾಲು ಚಾಚಲಿ ಎಂದು. ಮುರಿದ ಮದುವೆಯ ಕೋಟನ್ನು ಯಾವ ಜೋಡಿಯ ಹತ್ತಿರವೂ ಕೂರಿಸುತ್ತಿರಲಿಲ್ಲ. ಎದುರು ತಂಡದವನೊಬ್ಬ ಮಂಜಿನಲ್ಲಿ ಗ್ಯಾಲರಿಗೆ ಕೈ ಬೀಸಿ, ಯಾರೂ ತಿರುಗಿ ಬೀಸದೆ ಇದ್ದಾಗ, ಎಂಥ ಸೊಕ್ಕಿನ ಜನ ಎಂದನಂತೆ. ಊರು ಒಂದು ವಾರ ನಕ್ಕಿತು. ಅವತ್ತಿನಿಂದ ಅವನು ಕೋಟಣ್ಣ. ನಿಜವಾದ ಹೆಸರು ಅವಳ ಬಾಯಲ್ಲೂ ಬಳಕೆ ತಪ್ಪಿತು.

ಅವಳು ಮಾತ್ರ ಒಂದು ದಿನವೂ ಹೋದವಳಲ್ಲ. ಬದುಕಿರುವ ಹೆಂಡತಿಯ ಜೊತೆ ಶನಿವಾರ ಕೂರಲು ಪುರುಸೊತ್ತಿಲ್ಲ, ಬಿಟ್ಟು ಹೋದವರ ಕೋಟಿನ ಜೊತೆ ಕೂರಲು ಇದೆ ಎಂದು ಹಂಗಿಸುತ್ತಿದ್ದಳು. ಅವನು ಪ್ರತಿ ಸಲ ಬಾಗಿಲಲ್ಲಿ ನಿಂತು, ಬರ್ತೀಯಾ ಎಂದು ಕೇಳುತ್ತಿದ್ದ. ಜನ ಸೇರಲಿ, ಆಮೇಲೆ ಬರ್ತೀನಿ ಎಂದು ಅವಳು ಪ್ರತಿ ಸಲ ಹೇಳುತ್ತಿದ್ದಳು.

ಕಂಬಿಯಲ್ಲಿ ಒಂದು ಕೋಟು ಮಾತ್ರ ಮೈದಾನಕ್ಕೆ ಹೋಗುತ್ತಿರಲಿಲ್ಲ. ಕೊನೆಯದು, ಗೋಡೆಯ ಪಕ್ಕದ್ದು. ಅದು ಯಾಕೆ ಹೋಗುವುದಿಲ್ಲ ಎಂದರೆ, ಅದರ ಯಜಮಾನ ಗ್ಯಾಲರಿಯಲ್ಲಿ ಕೂರುವವನಲ್ಲ ಎನ್ನುತ್ತಿದ್ದ. ಯಾರವನು ಎಂದು ಕೇಳಿದರೆ, "ಬರ್ತಾನೆ. ಬಂದಾಗ ಅವನಿಗೊಂದು ಮಾತು ಹೇಳೋದಿದೆ" ಎಂದು ಇಸ್ತ್ರಿಯ ಕಡೆ ತಿರುಗುತ್ತಿದ್ದ. ವ್ಯಾನು ತುಂಬಲು ಬರುವವರಿಗೆಲ್ಲ ಗೊತ್ತಿತ್ತು, ಕೊನೆಯದನ್ನು ಮುಟ್ಟಬಾರದು.

*

ಆ ತಿಳಿವಳಿಕೆಯೇ ಇವತ್ತು ಎಡವಟ್ಟು ಮಾಡಿತ್ತು. ಪೆಟ್ಟಿಗೆಯ ಪಕ್ಕ ನಿಂತು ಬೆಳಗಿನದನ್ನೆಲ್ಲ ನೆನೆದಾಗ ಅವಳಿಗೆ ಅದು ಬೆಳಕಿನಷ್ಟು ಸ್ಪಷ್ಟವಾಗಿ ಕಂಡಿತು.

ಗಂಡನ ಕೋಟನ್ನು ಬ್ರಷ್ ಮಾಡಲು ಅಂಗಡಿಯ ಹಿಂದಿನ ಕೋಣೆಗೆ ತಂದವಳು ಅವಳೇ. ಬ್ರಷ್ ಮಾಡಿ, ಆ ಮನೆಯಲ್ಲಿ ಕೋಟನ್ನು ಬೇರೆಲ್ಲಿ ಇಡುತ್ತಾರೆ, ಕಂಬಿಗೇ ಹಾಕಿದಳು. ಕೊನೆಯ ಕೋಟಿನ ಪಕ್ಕ. ಅಷ್ಟರಲ್ಲಿ ಕೋಚ್ ವ್ಯಾನು ತಂದ. ಗುಡ್ಡದಂಥ ಆಳು, ಸ್ಕ್ರಮ್ಮಿನ ತಳ್ಳಾಟದಲ್ಲಿ ಉಜ್ಜಿ ಉಜ್ಜಿ ಮುರುಟಿದ ಕಿವಿ. ಟೋಪಿಯನ್ನು ಬಟ್ಟೆ ಹಿಂಡುವ ಹಾಗೆ ಹಿಂಡುತ್ತ ಬಾಗಿಲಲ್ಲೇ ನಿಂತ. "ಅಕ್ಕ, ಇವತ್ತು ಕೋಟು..." ಎಂದ.  ತಗೊಂಡು ಹೋಗು, ಅವರು ಇದ್ದಿದ್ದರೆ ಇಷ್ಟು ಹೊತ್ತಿಗೆ ಕೂರಿಸಿ ಆಗಿರುತ್ತಿತ್ತು ಎಂದು ಹೇಳಿ, ನಾದಿನಿ ಬಂದಳೆಂದು ಅವಳು ಹೊರಗೆ ಹೋದಳು. ಕೋಚ್ ನೇಮದ ಪ್ರಕಾರ ಕೊನೆಯದೊಂದನ್ನು ಬಿಟ್ಟು ಎಲ್ಲವನ್ನೂ ಎತ್ತಿಕೊಂಡ. ಆಮೇಲೆ ಮೇಲ್ವಿಚಾರಕನ ಕಡೆಯವರು ಬಟ್ಟೆಗೆ ಬಂದಾಗ ಕಂಬಿಯಲ್ಲಿ ಒಂದೇ ಒಂದು ಕಪ್ಪು ಕೋಟು ಇತ್ತು. ಅಳುವ ಕಣ್ಣಿಗೆ ಗುಂಡಿಯ ದಾರ ಎಲ್ಲಿ ಕಾಣಬೇಕು? ಕೊಟ್ಟು ಕಳಿಸಿದಳು.

ಅಂದರೆ ಗಂಡನ ಕೋಟು ಈಗ ಗೋಡೆಯ ಆಚೆ ಪಂದ್ಯ ನೋಡುತ್ತ ಕೂತಿತ್ತು.

ಯಾರಿಗೆ ಹೇಳುವುದು? ನಾದಿನಿಗೆ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಹೇಳದಿದ್ದರೆ ಮುಚ್ಚಳ ಬೀಳುತ್ತದೆ. ಅವಳು ಹಾಗೇ ಕಾಲು ಬದಲಿಸುತ್ತ ನಿಂತಿರುವಾಗ ಬಾಗಿಲು ಕಿರುಗುಟ್ಟಿತು. ಮುದುಕನೊಬ್ಬ ಒಳಗೆ ಬಂದ. ಎತ್ತರ, ಬಡಕಲು, ಮಂಜು ಮುಸುಕಿದ ಆ ಚಳಿಯಲ್ಲಿ ಮೈಮೇಲೆ ಬರೀ ಒಂದು ಸ್ವೆಟರು. ಯಾರ ಮುಖವನ್ನೂ ನೋಡದೆ, ಕದ್ದು ಬಂದವನ ಹಾಗೆ ಗೋಡೆ ಹಿಡಿದು ನಡೆದು ಪೆಟ್ಟಿಗೆಯ ಹತ್ತಿರ ನಿಂತ.

ಬಂದವರೆಲ್ಲ ಮೊದಲು ಮುಖ ನೋಡುತ್ತಾರೆ. ಇವನೂ ನೋಡಿದ. ಆದರೆ ಅವನ ಕಣ್ಣು ಮುಖದಿಂದ ಕಾಲರಿಗೆ, ಕಾಲರಿನಿಂದ ಎದೆಗೆ, ಎದೆಯಿಂದ ತೋಳಿಗೆ ಇಳಿದು ಅಲ್ಲೇ ಕೂತುಬಿಟ್ಟಿತು.

 ಕೇಳಿಸಿಕೊಳ್ಳುವುದಕ್ಕಿಂತ ಕೇಳಿಬಿಡುವುದೇ ವಾಸಿ ಎಂದು ಅವಳಿಗೆ ಅನ್ನಿಸಿತು.

"ನಿಮ್ಮದಾ?" ಎಂದಳು.

ಮುದುಕ ಬೆಚ್ಚಿ ಅವಳ ಕಡೆ ತಿರುಗಿದ. "ಎಡ ತೋಳಿನ ಒಳಗೆ ಒಂದು ತೇಪೆ ಇರಬೇಕು ಅಮ್ಮ. ನಮ್ಮ ತಾಯಿ ಹಾಕಿದ್ದು."

ಅವಳು ತಣ್ಣಗಿದ್ದ ಆ ಕೈಯನ್ನು ಮೆಲ್ಲನೆ ಸರಿಸಿ, ತೋಳಿನ ಅಂಚನ್ನು ಮಗುಚಿದಳು. ಬೆರಳುಗುರಿನಷ್ಟು ತೇಪೆ, ಹತ್ತಿರ ಹತ್ತಿರದ ಸಣ್ಣ ಹೊಲಿಗೆ. ಅದನ್ನು ಹಾಕಿದವಳಿಗೆ ಯಾವ ಅವಸರವೂ ಇದ್ದಿರಲಿಲ್ಲ.

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ತಪ್ಪು ತನ್ನದು, ಅವರದಲ್ಲ, ಅವರು ಒಂದು ದಿನವೂ ಇನ್ನೊಬ್ಬರ ಕೋಟಿಗೆ ತೋಳು ತೂರಿಸಿದವರಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಬೆಳಿಗ್ಗೆ ಆದದ್ದನ್ನೆಲ್ಲ ಹೇಳಿದಳು. ಈಗಲೇ ಬಿಚ್ಚಿಸಿ ಕೊಡುತ್ತೇನೆ ಎಂದು ಮೇಲ್ವಿಚಾರಕನಿಗಾಗಿ ಆಚೀಚೆ ನೋಡಿದಳು. ಮುದುಕ ಬೇಡ ಬೇಡ ಎಂದು ಕೈ ಅಡ್ಡ ಹಿಡಿದ. ನೋಡಿದರೆ ಅವನ ತುಟಿಯಂಚಿನಲ್ಲಿ ನಗು.

"ಎಲ್ಲಿ ಸಿಕ್ಕಿದ್ರೂ ಅವರದು ಒಂದೇ ಮಾತು ಅಮ್ಮ. ಬೇರೆ ಊರಿನ ಮೈದಾನದಲ್ಲಿ, ಒಂದು ಸಲ ಬಸ್ ನಿಲ್ದಾಣದಲ್ಲಿ. 'ಸಾರ್, ಕೋಟು ರೆಡಿ ಇದೆ, ಬನ್ನಿ.' ನಿಮ್ಮೂರಿನ ಬೇರೆಯವರ ಹಾಗೆ ಬೈದಿದ್ರೆ ನಾನೂ ಬೈತಿದ್ದೆ. ಕೋಟು ರೆಡಿ ಇದೆ ಅನ್ನೋನಿಗೆ ಏನಂತ ಬೈಯೋದು?" ಅವನು ಪೆಟ್ಟಿಗೆಯ ಅಂಚು ಹಿಡಿದುಕೊಂಡ. "ಇವತ್ತಾದ್ರೂ ಹೋಗೋಣ ಅಂತ ಧೈರ್ಯ ಮಾಡಿ ಬಂದೆ. ಬಂದ್ರೆ, ಅವರೇ ಹಾಕ್ಕೊಂಡು ಹೊರಟಿದ್ದಾರೆ."

"ನೀವು ಯಾರು ಅಂತ ಗೊತ್ತಾಗಲಿಲ್ಲ."

"ಊರವರು ನನಗಿಟ್ಟ ಹೆಸರು ಇಂಥ ಕಡೆ ಹೇಳೋ ಹಾಗಿಲ್ಲ," ಎಂದ ಮುದುಕ. "ರೆಫರಿ ಆಗಿದ್ದೆ."

*

ಕೋಟುಗಳು ಮೈದಾನಕ್ಕೆ ಹೋಗುವುದಕ್ಕೂ ವರ್ಷಗಳ ಮುಂಚೆ, ಅವನು ರೆಫರಿಯಾಗಿದ್ದ ಆ ಪಂದ್ಯದ ದಿನ, ಗ್ಯಾಲರಿಯಲ್ಲಿ ಕೋಟಿಗೆ ಜಾಗ ಇರಲಿಲ್ಲ. ಮನುಷ್ಯರಿಗೇ ಇರಲಿಲ್ಲ. ಗೋಡೆಯ ಮೇಲೆ, ಮರದ ಮೇಲೆ, ಸ್ಮಶಾನದ ಕಡೆಯ ಏಣಿಯ ಮೇಲೆಲ್ಲ ಜನ. ಗೆದ್ದರೆ ಊರಿನ ತಂಡ ಮೇಲಿನ ದರ್ಜೆಗೆ ಹೋಗುತ್ತಿತ್ತು. ಅವಳು ಅಂಗಡಿಯಲ್ಲಿ ಕೂತು ಬರೀ ಸದ್ದಿನಿಂದಲೇ ಆಟ ತಿಳಿಯುತ್ತಿದ್ದಳು. ಕೊನೆಯಲ್ಲಿ ಆಕಾಶ ಹರಿದು ಬಿದ್ದಂಥ ಒಂದು ಕೂಗು ಎದ್ದಿತು. ಹಿಂದೆಯೇ ಪಿಸುಮಾತೂ ಇಲ್ಲದ ಮೌನ. ಅದರ ಹಿಂದೆ ಅವಳು ಹಿಂದೆಂದೂ ಕೇಳದಂಥ ಗದ್ದಲ.

ರಗ್ಬಿಯಲ್ಲಿ ಗೆರೆ ದಾಟಿದರೆ ಸಾಲದು. ಚೆಂಡನ್ನು ನೆಲಕ್ಕೆ ಒತ್ತಬೇಕು. ಒತ್ತಿದ್ದನ್ನು ಕಂಡರೆ ರೆಫರಿ ಸೀಟಿ ಊದಿ ತೋಳನ್ನು ನೆಟ್ಟಗೆ ಮೇಲೆತ್ತುತ್ತಾನೆ. ಅದೇ ಟ್ರೈ. ಅವತ್ತು ಚೆಂಡು ಹಿಡಿದು ಮೂಲೆಯಲ್ಲಿ ಗೆರೆಯಾಚೆ ಬಿದ್ದವನು ಈಗಿನ ಕೋಚ್, ಆಗಿನ್ನೂ ಕಿವಿ ನೆಟ್ಟಗಿದ್ದ ಹುಡುಗ. ಊರೆಲ್ಲ ಎದ್ದು ನಿಂತು ರೆಫರಿಯ ತೋಳಿಗಾಗಿ ಕಾದಿತು. ತೋಳು ಏಳಲಿಲ್ಲ.

ರೆಫರಿಯನ್ನು ಹುಲ್ಲು ಸಾಗಿಸುವ ಗಾಡಿಯಲ್ಲಿ ತಾಡಪಾಲಿನಡಿ ಅಡಗಿಸಿ ಊರು ದಾಟಿಸಿದರಂತೆ. ತಂಡ ಮೇಲೇರಲಿಲ್ಲ. ಒಳ್ಳೆಯ ಆಟಗಾರರು ಬೇರೆ ಊರಿಗೆ ಹೋದರು. ಅವರ ಹಿಂದೆ ಜನವೂ ಒಬ್ಬೊಬ್ಬರಾಗಿ ಗ್ಯಾಲರಿಯಿಂದ ಕರಗಿದರು. ಎಲ್ಲ ಆ ಒಂದು ತೋಳಿನಿಂದಾಗಿ ಎಂದು ಊರು ಇವತ್ತಿಗೂ ಹೇಳುತ್ತದೆ.

ಅವತ್ತು ಸಂಜೆ ಗಂಡ ಮನೆಗೆ ಬಂದು ಬೂಟು ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. "ಚೆಂಡು ನೆಲ ಮುಟ್ಟಲಿಲ್ಲ ಕಣೆ," ಎಂದ. "ನಾನು ಎದುರಿಗೇ ಕೂತಿದ್ದೆ. ಅವನ ಅಂಗೈ ಚೆಂಡಿನ ಕೆಳಗಿತ್ತು."

ಹಾಗಾದರೆ ಹೇಳಬೇಕಿತ್ತಲ್ಲ ಎಂದಳು ಅವಳು. ಹೇಳಿದರೆ ನಾಳೆಯಿಂದ ಈ ಊರಲ್ಲಿ ನಮ್ಮ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ ಎಂದು ಅವನು ಕೇಳಿದ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಸುಮ್ಮನಿದ್ದುಬಿಡಿ ಎಂದಳು. ಅವನು ಸುಮ್ಮನಿದ್ದುಬಿಟ್ಟ. ಬೆಳಿಗ್ಗೆ ಪಂದ್ಯಕ್ಕೆ ಮುಂಚೆ ಯಾರೋ ಕಾಫಿ ಚೆಲ್ಲಿಕೊಂಡು ಬಂದು ಬಿಚ್ಚಿಕೊಟ್ಟು ಹೋಗಿದ್ದ ಕೋಟೊಂದು ಅಂಗಡಿಯಲ್ಲೇ ಉಳಿದಿತ್ತು. ಅದು ಯಾರದೆಂದು ಅವಳು ಕೇಳಿರಲಿಲ್ಲ.

*

ಈಗ ಗೊತ್ತಾಯಿತು. ಬಂದಾಗ ಹೇಳಬೇಕಾದ ಆ ಒಂದು ಮಾತು ಯಾವುದು ಎಂದೂ ಗೊತ್ತಾಯಿತು. ಗಂಡ ಅದನ್ನು ಬಸ್ ನಿಲ್ದಾಣದಲ್ಲೇ ಹೇಳಬಹುದಿತ್ತು. ಗಂಟಲವರೆಗೆ ಬಂದದ್ದು ಅಲ್ಲಿ 'ಕೋಟು ರೆಡಿ ಇದೆ' ಆಗಿಬಿಡುತ್ತಿತ್ತೇನೋ. ಅವನ ಧೈರ್ಯ ಅಷ್ಟೇ ದೊಡ್ಡದು. ಅವಳಿಗೆ ಗೊತ್ತಿಲ್ಲವೇ.

ಮೇಲ್ವಿಚಾರಕ ಬಾಗಿಲಲ್ಲಿ ನಿಂತು ಮೆಲ್ಲಗೆ ಕೆಮ್ಮಿದ. ಇನ್ನೊಂದು ಮನೆಯವರು ಹೊರಗೆ ಬಂದು ಕಾಯುತ್ತಿದ್ದರು. ದರ್ಜಿ ಎದ್ದು ನಿಂತ. ನಾದಿನಿ, ಯಾರು ಈ ಮುದುಕ ಎಂದು ಕಣ್ಣಲ್ಲೇ ಕೇಳುತ್ತ ಹತ್ತಿರ ಬರುತ್ತಿದ್ದಳು. ನಾದಿನಿಯ ಕಿವಿಗೆ ಬಿದ್ದರೆ ಊರಿಗೇ ಬಿದ್ದ ಹಾಗೆ. ಬೀಳಲಿ, ಅನ್ನಿಸಿತು ಅವಳಿಗೆ.

"ಅವತ್ತು ಚೆಂಡು ನೆಲ ಮುಟ್ಟಿರಲಿಲ್ಲ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಮ್ಮನೆಯವರು ನೋಡಿದ್ರು. ಹೇಳೋಕೆ ನಿಮ್ಮನ್ನ ಕಾಯ್ತಿದ್ರು."

ಮುದುಕ ಪೆಟ್ಟಿಗೆಯ ಕಡೆ ತಿರುಗಿದ. ಬಹಳ ಹೊತ್ತು ಅವನು ಪೆಟ್ಟಿಗೆಯಲ್ಲಿದ್ದವನ ಮುಖವನ್ನೇ ನೋಡುತ್ತಿದ್ದ. ಈ ಸಲ ಕೋಟನ್ನು ನೋಡಲಿಲ್ಲ.

"ನನಗೇ ಅನುಮಾನ ಬಂದುಬಿಟ್ಟಿತ್ತು ಅಮ್ಮ," ಎಂದ ಕಡೆಗೆ. "ಅಷ್ಟು ಜನ ಕೂಗಿದ್ರೆ ಕಣ್ಣನ್ನೂ ನಂಬೋಕಾಗಲ್ಲ."

ಅವಳು ಮತ್ತೆ ಗುಂಡಿಗೆ ಕೈ ಹಾಕಿದಳು. ಅವನು ತಡೆದ. ಇದನ್ನು ಅವರಿಗೇ ಕೊಟ್ಟೆ, ಕೊಟ್ಟ ಮೇಲೆ ಅವರದೇ, ಚೀಟಿ ಒಂದನ್ನು ತೆಗೆಯಿರಿ ಎಂದ. ಇವರು ಅದಕ್ಕೂ ಒಪ್ಪುವವರಲ್ಲ, ಮೊದಲು ನಿಮಗೆ ತಲುಪಬೇಕು, ಆಮೇಲೆ ನೀವು ಕೊಡಬೇಕು ಎಂದು ಅವಳು ಹೇಳಿದಳು. ಕಾಲರ್ ಎತ್ತಿ ಪಿನ್ನು ಬಿಚ್ಚಿದಳು. ಬಿಳಿ ಬಟ್ಟೆಯ ಚೀಟಿಯನ್ನು ಮುದುಕನ ಅಂಗೈಯಲ್ಲಿಟ್ಟು, ಗಂಡ ಕಾಯುತ್ತಿದ್ದ ಹಾಗೆಯೇ ಮುಖ ನೋಡುತ್ತ ನಿಂತಳು.

"ತಲುಪಿತಾ?"

"ತಲುಪಿತು," ಎಂದ ಮುದುಕ. ಆಮೇಲೆ ಬಾಗಿ, ಕೋಟಿನ ಎದೆಯನ್ನು ಅಂಗೈಯಿಂದ ಒಮ್ಮೆ ಸವರಿ ನೇರ ಮಾಡಿದ.

ಮೇಲ್ವಿಚಾರಕ ಮುಚ್ಚಳ ಹಾಕಿದ.

*

ಮಣ್ಣಿನ ಕೆಲಸ ಮುಗಿದಾಗ ಗೋಡೆಯ ಆಚೆ ಎರಡನೆಯ ಅವಧಿಯ ಆಟ ನಡೆದಿತ್ತು. ಮಂಜು ಇನ್ನೂ ದಟ್ಟವಾಗಿತ್ತು. ಸ್ವೆಟರಿನ ಮುದುಕ ಹಲ್ಲು ಕಟಕಟಿಸುತ್ತ, ತನಗೆ ಬಸ್ಸಿದೆ ಎಂದ. ಇರಿ, ಕೋಟಿಲ್ಲದೆ ನಿಮ್ಮನ್ನು ಕಳಿಸಿದರೆ ನಮ್ಮ ಅಂಗಡಿಯ ಮರ್ಯಾದೆ ಏನಾಗಬೇಕು, ಅವರದು ಅಲ್ಲಿದೆ ಎಂದು ಅವಳು ಗೋಡೆಯ ಕಡೆ ಕೈ ತೋರಿಸಿದಳು. ಆಡಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆ ಗೋಡೆಯ ಆಚೆಗೆ ಅವಳು ಇದುವರೆಗೆ ಹೋದವಳಲ್ಲ.

ನಾದಿನಿ ಗೊಣಗುತ್ತಲೇ ಹಿಂದೆ ಬಂದಳು. ಮಣ್ಣು ಮಾಡಿ ನೇರ ಆಟ ನೋಡಲು ಹೋದವರನ್ನು ತಾನು ಕಂಡಿಲ್ಲ, ಕೇಳಿಲ್ಲ. ದರ್ಜಿಯೂ ಅವನ ಹೆಂಡತಿಯೂ ಬಂದರು. ನಿದ್ದೆಯ ಚಿಕ್ಕಪ್ಪನನ್ನು ತೋಳು ಹಿಡಿದು ಕರೆತಂದರು. ಗ್ಯಾಲರಿಯ ಮೆಟ್ಟಿಲು ಹತ್ತಿ ನಿಂತಾಗ ಮಂಜಿನಲ್ಲಿ ಹೆಗಲುಗಳು ಕಂಡವು. ಎರಡು ಪಕ್ಕಪಕ್ಕ, ಒಂದು ದೂರ, ಮೂಲೆಯಲ್ಲಿ ಒಂದು.

"ಪರವಾಗಿಲ್ಲ, ಜನ ಇದ್ದಾರೆ," ಎನ್ನುತ್ತ ನಾದಿನಿ ದಾರಿಯ ಪಕ್ಕದ ದಪ್ಪ ಹೆಗಲಿಗೆ, "ಸ್ವಲ್ಪ ಸರೀರಿ ಅಣ್ಣ" ಎಂದಳು. ಅಣ್ಣ ಸರಿಯಲಿಲ್ಲ. ಎಂಥ ಸೊಕ್ಕು ಎಂದು ಬಾಗಿ ನೋಡಿ, ಒಳಗೆ ಯಾರೂ ಇಲ್ಲದ್ದನ್ನು ಕಂಡು, ಎದೆ ಹಿಡಿದುಕೊಂಡು ಅಲ್ಲೇ ಕೂತಳು.  ಆಮೇಲೆ ತನ್ನ ಅಣ್ಣನನ್ನು ನೆನೆದು ಜೋರಾಗಿ ಅತ್ತಳು.

ನಾದಿನಿಯನ್ನು ಅಲ್ಲೇ ಬಿಟ್ಟು ಅವಳು ಒಂದೊಂದೇ ಕೋಟಿನ ಎದೆಯ ಗುಂಡಿ ನೋಡುತ್ತ ಕೆಳಗಿಳಿದಳು. ಮನುಷ್ಯರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಆಕೆಯನ್ನು ಗುರುತು ಹಿಡಿದು ಎದ್ದು ನಿಂತರು. ಕಂದು ದಾರ ಸಿಕ್ಕಿದ್ದು ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ, ಗೆರೆಯ ಮೂಲೆಗೆ ಎದುರಾದ ಜಾಗದಲ್ಲಿ. ಗಂಡ ಕೂರುತ್ತಿದ್ದ ಜಾಗ ಅದೇ ಎಂದು ಯಾರೂ ಅವಳಿಗೆ ಹೇಳಬೇಕಾಗಲಿಲ್ಲ. ಕುರ್ಚಿಯ ಹಿಡಿ ಸವೆದು ನುಣುಪಾಗಿತ್ತು.

ಕೋಚ್ ಗೆರೆಯ ಬದಿಯಿಂದ ಓಡಿ ಬಂದ. ಆ ಜಾಗ ಖಾಲಿ ನೋಡಲು ಆಗಲಿಲ್ಲ ಅಕ್ಕ, ಕೈಗೆ ಸಿಕ್ಕಿದ್ದನ್ನು ಕೂರಿಸಿದೆ ಎನ್ನುತ್ತಿದ್ದವನು ಅವಳ ಹಿಂದೆ ನಿಂತ ಮುದುಕನನ್ನು ಕಂಡು ಅರ್ಧಕ್ಕೇ ನಿಲ್ಲಿಸಿದ. ಅವನ ದವಡೆ ಬಿಗಿಯಿತು. 'ಯಾರಿಗೆ ಹೇಳದಿದ್ದರೂ ಇವನಿಗೆ ಗೊತ್ತಲ್ಲ,' ಎಂದು ಅವಳಿಗೆ ಆ ಕ್ಷಣ ಹೊಳೆಯಿತು. ಅಂಗೈ ಅವನದು.

ಕೋಚ್ ತನ್ನ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ. ಆಮೇಲೆ ಬಾಗಿ, ಗಂಡನ ಕೋಟನ್ನು ಹೆಗಲು ಹಿಡಿದು ಎತ್ತಿ ಅವಳ ಕೈಗೆ ಕೊಟ್ಟ.

"ಕೂತ್ಕೊಳ್ಳಿ ಸಾರ್," ಎಂದ ಮುದುಕನಿಗೆ. "ಜಾಗಕ್ಕೇನು ಬರ ಇಲ್ಲ."

ಅವಳು ಕೋಟನ್ನು ಬಿಡಿಸಿ ಹಿಡಿದಳು. ಮುದುಕ ತೋಳು ತೂರಿಸಿದ. ಸ್ವಲ್ಪ ಗಿಡ್ಡವಾಯಿತು, ಹೆಗಲು ಸರಿಯಾಗಿ ಕೂತಿತು. ಅವಳು ನಡುವಿನ ಗುಂಡಿಯನ್ನು ತಾನೇ ಹಾಕಿದಳು. ಪಕ್ಕದ ಕುರ್ಚಿಯಲ್ಲಿದ್ದ, ಮುರಿದ ಮದುವೆಯ ಕೋಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. ಕೆಳಗೆ ಮಂಜಿನಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ಏಳುತ್ತಿದ್ದರು. ಯಾರು ನಮ್ಮವರು ಎಂದು ಅವಳು ಕೇಳಿದಳು. ಕೆಸರಿಲ್ಲದಿದ್ದರೆ ನೀಲಿ ಎಂದ ಮುದುಕ.

ಅಷ್ಟರಲ್ಲಿ ಗುಂಪಿನಿಂದ ಒಬ್ಬ ಬಿಡಿಸಿಕೊಂಡು ಹೊರಬಿದ್ದ. ಚೆಂಡನ್ನು ಎದೆಗೆ ಅವಚಿ, ಬೆನ್ನಿಗೆ ಜೋತು ಬಿದ್ದ ಇಬ್ಬರನ್ನು ಎಳೆದುಕೊಂಡೇ ಓಡಿ, ಅವರೆದುರಿನ ಮೂಲೆಯಲ್ಲೇ ಗೆರೆ ದಾಟಿ ಮೂತಿ ಅಡಿಯಾಗಿ ಬಿದ್ದ. ಮೈದಾನದ ರೆಫರಿ ಇನ್ನೂ ಹಿಂದೆ, ಮಂಜಿನಲ್ಲಿ ಓಡಿ ಬರುತ್ತಿದ್ದ. ಒಂದು ಕ್ಷಣ ಎಲ್ಲೂ ಸದ್ದಿಲ್ಲ.

ಬಿದ್ದವನು ಕೆಸರು ಮೆತ್ತಿದ ಮುಖ ಎತ್ತಿ, ಅಭ್ಯಾಸಬಲದಿಂದ, ಆ ಮೂಲೆಯ ಕುರ್ಚಿಯ ಕಡೆ ನೋಡಿದ. ಅಲ್ಲಿ ಕೋಟಣ್ಣನ ಕೋಟು ಎದ್ದು ನಿಂತಿತ್ತು. ಅದರ ಬಲ ತೋಳು, ಮಂಜನ್ನು ಸೀಳಿಕೊಂಡು, ನೆಟ್ಟಗೆ ಮೇಲಕ್ಕೆದ್ದಿತ್ತು.